ಮಾರುವೇಷದ ಬೆಲೆ: ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ಕಾದಂಬರಿಯ ಒಂದು ಮರು ಓದು

1

ಗುಪ್ತ ವ್ಯಕ್ತಿತ್ವದ ವೀರನನ್ನು ಕೇಂದ್ರದಲ್ಲಿ ಇರಿಸಿಕೊಂಡ ಸಾಹಸ ಪ್ರಣಯಕಥನಗಳನ್ನು ವಿಮರ್ಶೆಯು ಬಹುಮಟ್ಟಿಗೆ ‘ಜನಪ್ರಿಯ ಸಾಹಿತ್ಯ’ ಎಂದು ಹೆಸರಿಸಿ ಬದಿಗಿರಿಸಿದೆ. ಆದರೆ ಒಂದು ಸಮಾಜವು ಯಾರನ್ನು ಕಣ್ಣೆತ್ತಿ ನೋಡುತ್ತದೆ, ಯಾರನ್ನು ನೋಡಲು ಹೇಸುತ್ತದೆ ಎಂಬುದು ಇಂಥ ಕಥನಗಳಲ್ಲಿ ಸ್ಪಷ್ಟವಾಗಿ ದಾಖಲಾಗಿರುತ್ತದೆ. ಮಾರುವೇಷದ ಯಶಸ್ಸು ನಿಂತಿರುವುದೇ ಈ ನೋಟದ ಮೇಲೆ. ಬ್ಯಾರನೆಸ್ ಆರ್ಕ್ಸಿಯ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ (1905) ಕಾದಂಬರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಆರ್ಕ್ಸಿ (1865-1947) ಹಂಗೆರಿಯ ಭೂಮಾಲೀಕ ಶ್ರೀಮಂತ ಮನೆತನದಲ್ಲಿ ಜನಿಸಿದವಳು. ರೈತರ ದಂಗೆಯ ಭೀತಿಯಿಂದ ಆಕೆಯ ತಂದೆತಾಯಿಗಳು 1868ರಲ್ಲಿ ತಮ್ಮ ಜಮೀನನ್ನು ತೊರೆದರು. ಕುಟುಂಬವು 1880ರಲ್ಲಿ ಲಂಡನ್ನಿನಲ್ಲಿ ನೆಲೆಸಿತು. ಪಿಂಪರ್ನೆಲ್ ಕಥೆ ಮೊದಲು ಜನರೆದುರಿಗೆ ಬಂದದ್ದು ನಾಟಕವಾಗಿ. ಆಕೆ ತನ್ನ ಪತಿ ಮಾಂಟೇಗ್ಯೂ ಬಾರ್ಸ್ಟೋ ಜೊತೆ ಸೇರಿ ಬರೆದ ಈ ನಾಟಕ 1903ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿಯೂ 1905ರ ಜನವರಿಯಲ್ಲಿ ಲಂಡನ್ನಿನಲ್ಲಿಯೂ ರಂಗವೇರಿತು. ವಿಮರ್ಶಕರು ಹೆಚ್ಚಾಗಿ ಮೆಚ್ಚದಿದ್ದರೂ ಪ್ರೇಕ್ಷಕರು ಅದನ್ನು ಗೆಲ್ಲಿಸಿದರು. ಕಾದಂಬರಿ ಪ್ರಕಟವಾದದ್ದೂ ಅದೇ ವರ್ಷ.

ಕಥೆಯ ಕಾಲ 1792ರ ಸೆಪ್ಟೆಂಬರ್. ಗಿಲೋಟಿನ್‌ಗೆ ಗುರಿಯಾದ ಫ್ರೆಂಚ್ ಶ್ರೀಮಂತರನ್ನು ಪ್ಯಾರಿಸ್ಸಿನಿಂದ ಪಾರುಮಾಡುವ ಒಬ್ಬ ಅಜ್ಞಾತ ಆಂಗ್ಲನ ಗುರುತು ಒಂದು ಸಣ್ಣ ಕೆಂಪು ಕಾಡುಹೂವು. ಅವನು ಸರ್ ಪರ್ಸಿ ಬ್ಲೇಕ್ನಿ. ಲಂಡನ್ನಿನ ಗಣ್ಯವಲಯದಲ್ಲಿ ಉಡುಗೆತೊಡುಗೆಯಲ್ಲೇ ಮುಳುಗಿದ ಮಂದಮತಿಯೆಂದು ಹೆಸರಾದವನು. ಅವನ ಪತ್ನಿ ಮಾರ್ಗರೀಟ್ ಪ್ಯಾರಿಸ್ಸಿನ ಹೆಸರಾಂತ ನಟಿಯಾಗಿದ್ದವಳು. ಅವಳ ಅಣ್ಣ ಆರ್ಮಂಡ್‌ನ ಪ್ರಾಣವನ್ನು ಒತ್ತೆಯಾಗಿರಿಸಿಕೊಂಡ ಫ್ರೆಂಚ್ ಪ್ರತಿನಿಧಿ ಶೋವ್ಲಾಂ, ಪಿಂಪರ್ನೆಲ್‌ನ ಸುಳಿವು ಕೊಡುವಂತೆ ಅವಳನ್ನು ಒತ್ತಾಯಿಸುತ್ತಾನೆ. ತಾನು ಬಲಿಗೊಪ್ಪಿಸುತ್ತಿರುವುದು ತನ್ನ ಗಂಡನನ್ನೇ ಎಂಬುದು ಅವಳಿಗೆ ತಿಳಿಯದು. ಕಥನವು ಹೆಚ್ಚಾಗಿ ಮಾರ್ಗರೀಟ್‌ಳ ಅರಿವಿನ ಮಿತಿಯೊಳಗೇ ಚಲಿಸುವುದರಿಂದ, ಪರ್ಸಿಯ ಕೋಣೆಯಲ್ಲಿ ಹೂವಿನ ಮುದ್ರೆಯುಳ್ಳ ಉಂಗುರ ಸಿಕ್ಕಾಗ ಉಂಟಾಗುವ ಅಭಿಜ್ಞಾನವು ದಾಂಪತ್ಯದ ಅಭಿಜ್ಞಾನವೂ ಆಗುತ್ತದೆ.

3

ಪರ್ಸಿಯ ವೇಷಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಲಂಡನ್ನಿನ ಷೋಕಿಲಾಲನ ಮುಖವಾಡ. ಇದು ಅವನ ವರ್ಗದೊಳಗಿನದೇ. ಇದರಿಂದ ಅವನ ಸಂಪತ್ತಿಗಾಗಲಿ ರಾಜಮರ್ಯಾದೆಗಾಗಲಿ ಕುಂದಿಲ್ಲ; ಅವನು ತೆರುವ ಬೆಲೆ ಪತ್ನಿಯ ಪ್ರೀತಿ ಮಾತ್ರ. ಎರಡನೆಯದು ಫ್ರಾನ್ಸಿನಲ್ಲಿ ಅವನು ತೊಡುವ ವೇಷಗಳು. ಕಾದಂಬರಿಯ ಆರಂಭದಲ್ಲಿ ಅವನು ಗಾಡಿ ಹೊಡೆಯುವ ಮುದುಕಿ. ಗಾಡಿಯೊಳಗಿನ ಮೊಮ್ಮಗನಿಗೆ ಸಿಡುಬು, ಪ್ಲೇಗೂ ಇರಬಹುದು ಎಂದೊಡನೆ ಕಾವಲಿನ ಬಿಬೋ ಹಿಂದೆ ಸರಿಯುತ್ತಾನೆ. ಒಳಗಿದ್ದ ಶ್ರೀಮಂತ ಕುಟುಂಬ ಪಾರಾಗುತ್ತದೆ. ಅಂತ್ಯದಲ್ಲಿ ಅವನು ಕೊಳಕು ಬಟ್ಟೆಯ, ಬೆನ್ನು ಬಾಗಿದ, ದೈನ್ಯದಿಂದ ಮಾತನಾಡುವ ಯಹೂದಿ ಗಾಡಿಯವನು. ಶೋವ್ಲಾಂ ಅವನ ಗಾಡಿಯಲ್ಲಿಯೇ ಪಯಣಿಸಿದರೂ ಗುರುತಿಸಲಾರ.

ಈ ಎರಡು ಪ್ರಸಂಗಗಳಲ್ಲಿ ಕೆಲಸ ಮಾಡುವುದು ನಟನಾ ಕೌಶಲವೊಂದೇ ಅಲ್ಲ. ನೋಡುವವರ ಅಸಹ್ಯವೂ ಹೌದು. ಇದು ವಿಮರ್ಶಕನ ಆರೋಪವಲ್ಲ. ಫ್ರೆಂಚರು ಯಹೂದಿಯನ್ನು ಎಷ್ಟು ದ್ವೇಷಿಸುತ್ತಾರೆಂದರೆ ಅವನ ಹತ್ತಿರವೂ ಸುಳಿಯರು, ಅದಕ್ಕಾಗಿಯೇ ಆ ವೇಷವನ್ನು ಆರಿಸಿಕೊಂಡೆ ಎಂಬ ಅರ್ಥದಲ್ಲಿ ಪರ್ಸಿಯೇ ಪತ್ನಿಗೆ ವಿವರಿಸುತ್ತಾನೆ. ಹೀಗೆ ಪೂರ್ವಗ್ರಹವು ಶತ್ರುವಿನ ದೌರ್ಬಲ್ಯವೆಂಬುದನ್ನು ಕಾದಂಬರಿ ಬಲ್ಲದು. ಆದರೆ ನಿರೂಪಕಿಯ ವರ್ಣನೆಯೂ ಯಹೂದಿಯ ರೂಪವನ್ನು ಅದೇ ಹೇಸಿಗೆಯಿಂದಲೇ ಚಿತ್ರಿಸುತ್ತದೆ. ಶೋವ್ಲಾಂನನ್ನು ಕುರುಡನನ್ನಾಗಿಸಿದ ಅದೇ ಪೂರ್ವಗ್ರಹದಲ್ಲಿ ಓದುಗನೂ ಪಾಲುದಾರನಾಗದೆ ಕೊನೆಯ ಅಚ್ಚರಿ ಫಲಿಸುವುದಿಲ್ಲ.

ಚರಿತ್ರೆಯ ಬೆಳಕಿನಲ್ಲಿ ಈ ಇಬ್ಬಂದಿತನ ಇನ್ನಷ್ಟು ನಿಚ್ಚಳವಾಗುತ್ತದೆ. ಫ್ರಾನ್ಸಿನ ರಾಷ್ಟ್ರೀಯ ಸಭೆಯು ಯಹೂದಿಗಳಿಗೆ ಪೂರ್ಣ ಪೌರತ್ವ ನೀಡಿದ್ದು 1791ರ ಸೆಪ್ಟೆಂಬರಿನಲ್ಲಿ, ಅಂದರೆ ಕಥೆಯ ಕಾಲಕ್ಕೆ ಕೇವಲ ಒಂದು ವರ್ಷ ಮೊದಲು. ಕಾದಂಬರಿಯಲ್ಲಿ ಕ್ರಾಂತಿಯ ಈ ಮುಖಕ್ಕೆ ಸ್ಥಾನವಿಲ್ಲ. ಅದು ಕಾಣಿಸುವುದು ಗಿಲೋಟಿನ್ನಿನ ಸುತ್ತ ನೆರೆದ ಗುಂಪನ್ನು ಮಾತ್ರ. ‘ಭೀತಿಯ ಆಳ್ವಿಕೆ’ ಎಂದು ಚರಿತ್ರಕಾರರು ಕರೆಯುವ ಅವಧಿ 1793-94ರದು. ಕಾದಂಬರಿ ಅದರ ವಾತಾವರಣವನ್ನು ಒಂದು ವರ್ಷ ಹಿಂದಕ್ಕೆ ಸರಿಸಿದೆ. ಆ ಅವಧಿಯಲ್ಲಿ ಮರಣದಂಡನೆಗೆ ಗುರಿಯಾದ ಸುಮಾರು 17,000 ಜನರ ವಿವರಗಳನ್ನು ಡೊನಾಲ್ಡ್ ಗ್ರೀರ್ 1935ರಲ್ಲಿ ವಿಶ್ಲೇಷಿಸಿದಾಗ, ಅವರಲ್ಲಿ ಶೇಕಡಾ 80ಕ್ಕೂ ಹೆಚ್ಚಿನವರು ಶ್ರೀಮಂತರೂ ಅಲ್ಲದ, ಪಾದ್ರಿಗಳೂ ಅಲ್ಲದ ಸಾಮಾನ್ಯ ವರ್ಗದವರೆಂಬುದು ಕಂಡುಬಂತು. ಪಿಂಪರ್ನೆಲ್‌ನ ಗಾಡಿಯಲ್ಲಿ ಇವರಿಗೆ ಜಾಗವಿಲ್ಲ. ಕಾದಂಬರಿ ಹೊರಬಂದ 1905ರಲ್ಲಿಯೇ, ಪೂರ್ವ ಯುರೋಪಿನಿಂದ ಬರುತ್ತಿದ್ದ ಯಹೂದಿ ವಲಸಿಗರನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಬ್ರಿಟನ್ನಿನಲ್ಲಿ ವಿದೇಶೀಯರ ಕಾಯಿದೆ ಅಂಗೀಕಾರವಾಯಿತು. ಶ್ರೀಮಂತ ನಿರಾಶ್ರಿತರನ್ನು ಬರಮಾಡಿಕೊಳ್ಳುವ ಇಂಗ್ಲೆಂಡನ್ನು ಕೊಂಡಾಡುವ ಕೃತಿ, ಬಡ ನಿರಾಶ್ರಿತರಿಗೆ ಬಾಗಿಲು ಕಿರಿದಾದ ವರ್ಷದಲ್ಲಿ ಜನಪ್ರಿಯವಾಯಿತೆಂಬುದು ಗಮನಾರ್ಹ.

4

ಕನ್ನಡದ ಓದುಗನಿಗೆ ಇಲ್ಲಿ ಸಹಜವಾಗಿ ನೆನಪಾಗುವುದು ಕುಮಾರವ್ಯಾಸ ಭಾರತದ ವಿರಾಟಪರ್ವ. ಅಲ್ಲಿಯೂ ಮೇಲಿನವರು ಕೆಳಗಿನವರ ವೇಷ ತೊಡುತ್ತಾರೆ: ಭೀಮ ಅಡುಗೆಯ ವಲಲ, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆ, ದ್ರೌಪದಿ ಪರಿಚಾರಿಕೆಯಾದ ಸೈರಂಧ್ರಿ. ಆದರೆ ಈ ವೇಷಗಳು ಆಯ್ಕೆಯಲ್ಲ, ಜೂಜಿನ ಪಣದ ಷರತ್ತು. ಅದಕ್ಕಿಂತ ಮುಖ್ಯವಾಗಿ, ವೇಷ ತೊಟ್ಟವರು ಆ ಸ್ಥಾನದವರು ಉಣ್ಣುವ ಅವಮಾನವನ್ನೂ ಉಣ್ಣಬೇಕಾಗುತ್ತದೆ. ಸೈರಂಧ್ರಿಯು ಸೇವಕಿ ಎಂಬ ಕಾರಣಕ್ಕೇ ಕೀಚಕನಿಗೆ ಸುಲಭವಾಗಿ ಕಾಣುತ್ತಾಳೆ. ತುಂಬಿದ ಸಭೆಯಲ್ಲಿ ಅವನು ಒದ್ದಾಗ ಅವಳಿಗೆ ನ್ಯಾಯ ದೊರೆಯುವುದಿಲ್ಲ. ಕಂಕನಾಗಿ ಅಲ್ಲಿಯೇ ಕುಳಿತ ಧರ್ಮಜನೂ ಸಹನೆಯನ್ನು ಬೋಧಿಸುತ್ತಾನೆ. ಸೇವಕಿಯ ದುಃಖ ರಾಣಿಯ ಬಾಯಿಂದ ಕಾವ್ಯವಾಗುತ್ತದೆ.

ಪರ್ಸಿಯೂ ಏಟು ತಿನ್ನುತ್ತಾನೆ. ಶೋವ್ಲಾಂನ ಆಜ್ಞೆಯಂತೆ ಸೈನಿಕರು ‘ಯಹೂದಿ’ಯನ್ನು ಬೆಲ್ಟಿನಿಂದ ಥಳಿಸುತ್ತಾರೆ. ಆದರೆ ಕಾದಂಬರಿಗೆ ಅದು ಆಂಗ್ಲನ ಸಹನಶಕ್ತಿಯ ಸಾಕ್ಷಿಯೇ ಹೊರತು, ನಿಜವಾದ ಯಹೂದಿಯೊಬ್ಬ ಅಲ್ಲಿದ್ದರೆ ಇದೇ ಏಟು ಅವನಿಗೂ ಬೀಳುತ್ತಿತ್ತೆಂಬ ಅರಿವಲ್ಲ. ವೇಷ ಕಳಚಿದೊಡನೆ ನೋವೂ ವಿನೋದದ ಮಾತಾಗಿ ಬಿಡುತ್ತದೆ. ವಿರಾಟಪರ್ವವೂ ಅಜ್ಞಾತವಾಸ ಮುಗಿದೊಡನೆ ಪಾಂಡವರನ್ನು ಮೊದಲಿನ ಸ್ಥಾನಕ್ಕೆ ಮರಳಿಸುತ್ತದೆಂಬುದು ನಿಜ. ಈ ಅಂಶದಲ್ಲಿ ಎರಡೂ ಕೃತಿಗಳು ಶ್ರೇಣೀಕರಣವನ್ನು ಪ್ರಶ್ನಿಸುವುದಿಲ್ಲ. ಆದರೂ ಕಳಚಿದ ವೇಷದ ಗಾಯ ಭಾರತದಲ್ಲಿ ಉಳಿಯುತ್ತದೆ, ಪಿಂಪರ್ನೆಲ್‌ನಲ್ಲಿ ಉಳಿಯುವುದಿಲ್ಲ.

5

ಜಾನ್‌ಸ್ಟನ್ ಮೆಕ್‌ಕಲಿ 1919ರಲ್ಲಿ ಸೃಷ್ಟಿಸಿದ ಜೋರೋ, 1939ರಲ್ಲಿ ಬಂದ ಬ್ಯಾಟ್‌ಮನ್ ಮೊದಲಾದವರಲ್ಲಿ ಹಗಲಿನ ನಿಷ್ಪ್ರಯೋಜಕ ಶ್ರೀಮಂತ ಹಾಗೂ ಗುಪ್ತ ವೀರ ಎಂಬ ಪರ್ಸಿಯ ಮೊದಲ ಬಗೆಯ ವೇಷವೇ ಮುಂದುವರಿದಿದೆ. ಎರಡನೆಯ ಬಗೆಯ ವೇಷ ಎತ್ತುವ ಪ್ರಶ್ನೆ ಹಿನ್ನೆಲೆಗೆ ಸರಿದಿದೆ. ಮಾರುವೇಷದ ಕಥನಗಳ ಅಧ್ಯಯನದಲ್ಲಿ ವೀರನು ಯಾರೆಂದು ಬಯಲಾಗುವ ಕ್ಷಣಕ್ಕೆ ದೊರೆತಷ್ಟೇ ಗಮನ, ಅವನು ಯಾರ ಬಟ್ಟೆಯನ್ನು ಎರವಲು ಪಡೆದ, ಆ ಬಟ್ಟೆಯವರಿಗೆ ಕಥೆಯಲ್ಲಿ ಮಾತು ದೊರೆಯಿತೇ ಎಂಬುದಕ್ಕೂ ದೊರೆಯಬೇಕಾಗಿದೆ. ಕನ್ನಡದ ಐತಿಹಾಸಿಕ ಕಾದಂಬರಿಗಳನ್ನೂ ಚಲನಚಿತ್ರಗಳನ್ನೂ ಇದೇ ಪ್ರಶ್ನೆಯೊಂದಿಗೆ ಮರಳಿ ಓದಲು ಅವಕಾಶವಿದೆ.