ಒಂದೇ ಪುಸ್ತಕಕ್ಕೆ ಕೈಮುಗಿಯಬೇಡ

ತಮ್ಮಾ,

‘ಪರ್ವ’ ಓದಿ ಮುಗಿಸಿದಂದಿನಿಂದ ನೀನು ಅಂಗಡಿಯ ಸಂಜೆ ಪೂಜೆಗೆ ನಿಲ್ಲುತ್ತಿಲ್ಲವಂತೆ. ಊದಿನಕಡ್ಡಿ ಹಚ್ಚುವ ಕೆಲಸ ಈಗ ಹಮಾಲರ ಪಾಲಿಗೆ ಬಂದಿದೆಯಂತೆ. ನಿಮ್ಮಪ್ಪ ಸಿಟ್ಟಿನಿಂದ ಹೇಳಿದ, ನಿಮ್ಮವ್ವ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ನನಗಾದದ್ದು ಸಂತೋಷ. ಬೆಳಗಾವಿಯ ರವಿವಾರ ಪೇಟೆಯ ಅಡತಿ ಅಂಗಡಿಯಲ್ಲಿ, ಲಾರಿ ಇಳಿಸುವ ಗದ್ದಲದ ನಡುವೆ ಕೂತು ಅಷ್ಟು ದಪ್ಪ ಕಾದಂಬರಿಯನ್ನು ನಮ್ಮ ಮನೆಯ ಹುಡುಗನೊಬ್ಬ ಮುಗಿಸಿದ್ದಾನಲ್ಲ! ಪೂಜೆಗೆ ನಿಲ್ಲುವುದು ಬಿಡುವುದು ನಿನಗೆ ಸೇರಿದ್ದು. ಓದನ್ನು ಮಾತ್ರ ಇಲ್ಲಿಗೇ ಬಿಡಬೇಡ.

1979ರಲ್ಲಿ ಬಂದ ಆ ಕಾದಂಬರಿಯಲ್ಲಿ ಭೈರಪ್ಪನವರು ಮಹಾಭಾರತದ ವರ, ಶಾಪ, ಅಕ್ಷಯ ವಸ್ತ್ರ ಎಲ್ಲವನ್ನೂ ಬದಿಗಿಟ್ಟರು. ಉಳಿದದ್ದು ಹಸಿವು, ನಿಯೋಗ, ಮುದಿತನ, ಯುದ್ಧಭೂಮಿಯ ಹೆಣದ ನಾತ. ಅದನ್ನು ಓದಿದವನಿಗೆ ಇಷ್ಟು ದಿನ ಕೇಳಿದ್ದೆಲ್ಲ ಸುಳ್ಳು ಅನ್ನಿಸುವುದು ಸಹಜ. ಆದರೆ ಚೀಲದ ಬಾಯಲ್ಲಿರುವ ಕಾಳಷ್ಟೇ ನೋಡಿ ದರ ಕಟ್ಟುವವನನ್ನು ನಮ್ಮ ಪೇಟೆ ವ್ಯಾಪಾರಿ ಅನ್ನುವುದಿಲ್ಲ. ನಡುಚೀಲದ ಕಾಳು ಅಂಗೈಗೆ ಬರಬೇಕು. ನಿನಗೆ ಮರಾಠಿಯೂ ಚೆನ್ನಾಗಿ ಬರುತ್ತದೆ. ಅದನ್ನು ಬರೀ ದರ ಕೇಳುವುದಕ್ಕೆ ಬಳಸಬೇಡ. ಇರಾವತಿ ಕರ್ವೆಯವರ ‘ಯುಗಾಂತ’ ತಗೊ. ‘ಪರ್ವ’ಕ್ಕಿಂತ ಹನ್ನೆರಡು ವರ್ಷ ಮೊದಲು, 1967ರಲ್ಲಿ ಬಂದ ಪುಸ್ತಕ. ಆಕೆ ಮಾನವಶಾಸ್ತ್ರ ಓದಿದವರು; ಕಥೆ ಕಟ್ಟದೆ, ಭೀಷ್ಮ, ಗಾಂಧಾರಿ, ಕುಂತಿ, ಕರ್ಣ ಹೀಗೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಾರೆ. ದ್ರೌಪದಿಯ ಕೊನೆಯ ಗಳಿಗೆಯನ್ನು ತಾವೇ ಕಲ್ಪಿಸಿ ಬರೆದ ಒಂದು ಕಡೆ, ಇದು ನನ್ನ ಕಲ್ಪನೆ, ಮೂಲದಲ್ಲಿಲ್ಲ ಎಂದು ಓದುಗನಿಗೆ ಹೇಳಿಬಿಡುತ್ತಾರೆ. ಆ ಪ್ರಾಮಾಣಿಕತೆಯನ್ನು ನೋಡು. ಧರ್ಮದ ಬಗ್ಗೆ ಬರೆಯುವ ಯಾರನ್ನೇ ಓದಿದರೂ ಇವರು ಎಲ್ಲಿ ಆಧಾರ ಕೊಡುತ್ತಿದ್ದಾರೆ, ಎಲ್ಲಿ ಊಹಿಸುತ್ತಿದ್ದಾರೆ ಎಂದು ಬೇರೆ ಮಾಡಿ ನೋಡುವುದನ್ನು ಅಲ್ಲಿಂದ ಕಲಿಯಬಹುದು.

ಮೂಲದ ಕಥೆಯನ್ನು ತಿದ್ದಿದರೆ ಪಾಪ ಅನ್ನುವ ಮಂದಿಯೂ ನಿನಗೆ ಸಿಗುತ್ತಾರೆ. ಅವರೊಡನೆ ಜಗಳ ಬೇಡ, ಪಂಪನನ್ನು ನೆನೆದರೆ ಸಾಕು. 941ರಲ್ಲೇ ಆ ಜೈನ ಕವಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿ ಮಾಡಿದ. ಕನ್ನಡ ಸಾಹಿತ್ಯದ ಮೊದಮೊದಲ ದಿನಗಳಲ್ಲೇ ಅಂಥ ಧೈರ್ಯವಿತ್ತು.

ನನ್ನ ಮನಸ್ಸಿಗೆ ತೀರ ಹತ್ತಿರವಾದ ಜೋಡಿ ಬೇರೆ ಇದೆ: ಎರಡು ‘ಯಯಾತಿ’. ಒಂದು ವಿ. ಸ. ಖಾಂಡೇಕರರದು, 1959ರ ಮರಾಠಿ ಕಾದಂಬರಿ. ನಾವು ಅಂಬೋಲಿ ಘಾಟ ಇಳಿದು ಹೋಗುತ್ತೇವಲ್ಲ, ಆ ಕಡೆಯ ಶಿರೋಡಾದಲ್ಲಿ ಬಹಳ ವರ್ಷ ಮಾಸ್ತರಿಕೆ ಮಾಡಿದವರು ಅವರು. ಇನ್ನೊಂದು ಗಿರೀಶ ಕಾರ್ನಾಡರ ನಾಟಕ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ್ದು. ಕಥೆ ನಿನಗೆ ಗೊತ್ತು: ಶಾಪದಿಂದ ಅಕಾಲದಲ್ಲಿ ಮುದುಕನಾದ ರಾಜ ಮಕ್ಕಳ ಹತ್ತಿರ ಹರೆಯ ಬೇಡುತ್ತಾನೆ, ಪೂರು ಕೊಡುತ್ತಾನೆ. ಖಾಂಡೇಕರರು ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರಿಂದಲೂ ಅವರವರ ಬಾಯಿಂದಲೇ ಕಥೆ ಹೇಳಿಸಿ, ಸುಖಕ್ಕೆ ಕೊನೆಯಿಲ್ಲದೆ ಓಡುವ ಮನುಷ್ಯ ಏನಾಗುತ್ತಾನೆ ಎಂದು ಕೇಳುತ್ತಾರೆ. ವಯಸ್ಸಾದವನ ಚಿಂತೆ ಅದು. ಕಾರ್ನಾಡರಿಗೆ ಆಗ ಇಪ್ಪತ್ತರ ಹರೆಯ. ಅವರ ಕಣ್ಣು ಹೋದದ್ದು ಮಗನ ಕಡೆಗೆ. ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕೊಟ್ಟರು. ಮಹಾಭಾರತದಲ್ಲಿ ಅವಳಿಲ್ಲ. ಗಂಡ ಒಂದೇ ದಿನದಲ್ಲಿ ಮುದುಕನಾಗಿ ಬಂದು ನಿಂತರೆ ಹೊಸ ಮದುವಣಗಿತ್ತಿ ಏನು ಮಾಡಬೇಕು? ತ್ಯಾಗಕ್ಕೆ ಹೊಗಳಿಕೆ ಗಂಡನಿಗೆ. ಅದರ ಬೆಲೆ ತೆತ್ತವಳು ಅವಳು, ಪ್ರಾಣ ಕೊಟ್ಟು. ಸಾವಿರಾರು ವರ್ಷ ಪೂರುವಿನ ಪಿತೃಭಕ್ತಿಯನ್ನು ಕೊಂಡಾಡಿದ ನಮ್ಮಲ್ಲಿ ಎಷ್ಟು ಜನ ಅವನ ಹೆಂಡತಿಯ ಬಗ್ಗೆ ಕೇಳಿದ್ದೆವು? ಒಳ್ಳೆಯ ಕಾದಂಬರಿ, ನಾಟಕ ಪುರಾಣಕ್ಕೆ ಮಾಡುವ ಉಪಕಾರ ಇದು. ಈ ಎರಡನ್ನೂ ಮೂಲ ಭಾಷೆಯಲ್ಲೇ ಓದಬಲ್ಲ ಹುಡುಗರು ಬೆಳಗಾವಿ, ಖಾನಾಪುರದಲ್ಲಿ ಇರುವಷ್ಟು ಬೇರೆಲ್ಲಿ ಸಿಕ್ಕಾರು?

ಕಥೆ ಕಾದಂಬರಿ ಓದುವವನಿಗೆ ಧರ್ಮದ ಗಂಭೀರ ವಿಚಾರ ತಲೆಗೆ ಹತ್ತುವುದಿಲ್ಲ ಎಂಬ ಮಾತಿಗೆ ಕಿವಿಗೊಡಬೇಡ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದು, ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದಿದ್ದರು. ಕೋಟೆಯೊಳಗಿನ ಆ ಮನೆ ಈಗ ರಾಮಕೃಷ್ಣ ಮಿಷನ್ ಆಶ್ರಮದ ವಶದಲ್ಲಿದೆ, ನೀನು ನೋಡಿದ್ದೀ. ಮಿತ್ರರು ಬರೆದಿಟ್ಟ ನೆನಪಿನಲ್ಲಿ, ಸ್ವಾಮೀಜಿ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ನ ಪುಟಗಳನ್ನು ಬಾಯಿಪಾಠವಾಗಿ ಹೇಳಿ ಅವರನ್ನು ಬೆರಗುಗೊಳಿಸಿದ ಸಂಗತಿ ಬರುತ್ತದೆ. ಗೀತೆಯ ಅರ್ಥ ಬಿಡಿಸಿ ಹೇಳಿದ ಆ ಸಂನ್ಯಾಸಿಯೇ ಜೂಲ್ಸ್ ವರ್ನ್‌ನ ಕಾದಂಬರಿಗಳನ್ನು ಓದುವ ರುಚಿಯನ್ನೂ ತಮಗೆ ಹಚ್ಚಿದರು ಎಂದು ಮಿತ್ರರು ನೆನೆಯುತ್ತಾರೆ.

ಅದೇ ಕೋಟೆಯಲ್ಲಿ ಕಮಲ ಬಸದಿ ಇದೆ. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಅದಕ್ಕೆ ಸಂಬಂಧಿಸಿದ 1204ರ ಕನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಅಚ್ಚಾದ ಪಾಠ ಗ್ರಂಥಾಲಯದಲ್ಲಿ ಕೇಳಿದರೆ ಸಿಗುತ್ತದೆ. ನೀನು ಓದಲೇಬೇಕಾದದ್ದು ಅದು. ವೇಣುಗ್ರಾಮದ, ಅಂದರೆ ಅಂದಿನ ಬೆಳಗಾವಿಯ ವರ್ತಕರು, ಲಾಟ ದೇಶದಿಂದ, ಮಲಯಾಳದಿಂದ ಬಂದು ನೆಲೆಸಿದ ವರ್ತಕರು ಎಲ್ಲ ಸೇರಿ, ಭತ್ತ, ಎಲೆ, ಅಡಿಕೆಯಂಥ ಸರಕಿನ ಮೇಲೆ ಬಸದಿಗೆ ಇಷ್ಟಿಷ್ಟು ಎಂದು ಗೊತ್ತುಮಾಡಿಕೊಟ್ಟ ಲೆಕ್ಕ. ಪಂಡಿತರು ಅದರಲ್ಲಿ ರಾಜವಂಶ ಹುಡುಕುತ್ತಾರೆ. ಕಿರ್ದಿ ಬರೆದು ಗೊತ್ತಿರುವ ನಿನಗೆ ಅದರಲ್ಲಿ ಬೇರೆಯೇ ಕಾಣಬೇಕು: ಎಂಟುನೂರು ವರ್ಷದ ಹಿಂದೆ ಈ ಊರಿನ ಭಕ್ತಿ ಮಾಲು ಇಳಿಸುವ ಜಾಗದಲ್ಲಿ, ಬೇರೆಬೇರೆ ನಾಡಿನ ಮಂದಿಯ ಒಪ್ಪಿಗೆಯಿಂದ ನಡೆದಿತ್ತು. ನಮ್ಮ ಅಂಗಡಿಯಲ್ಲಿ ಧರ್ಮಾದಾಯಕ್ಕೆಂದು ಎತ್ತಿಡುವ ದುಡ್ಡು ಎಷ್ಟು ಹಳೆಯ ರೂಢಿ ಎಂದು ಅದನ್ನೋದಿದ ಮೇಲೆ ನನಗೆ ತಿಳಿಯಿತು.

ಓದಿ ಸಿಟ್ಟು ಬರುವ ಪುಸ್ತಕಗಳೂ ಬೇಕು. ಗೋಕಾಕದ ಕಡೆಯ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ವಿನಲ್ಲಿ ಮಠದೊಳಗಿನ ಢಂಬಾಚಾರವನ್ನು ಬಿಚ್ಚಿಟ್ಟರು. ಓದು. ಓದಿ, ಇದೇ ಊರಿನ ನಾಗನೂರು ರುದ್ರಾಕ್ಷಿಮಠ ಬಡ ಹುಡುಗರಿಗೆ ಅನ್ನ, ವಸತಿ ಕೊಟ್ಟು ಕನ್ನಡ ಉಳಿಸಿದ ಚರಿತ್ರೆಯನ್ನೂ ಓದು. ಎರಡೂ ನಿಜ. ಒಂದನ್ನು ಮುಂದೆ ಮಾಡಿ ಇನ್ನೊಂದನ್ನು ಮುಚ್ಚುವವರ ಜೊತೆ ಸೇರಬೇಡ.

ಇನ್ನು ನಿಮ್ಮವ್ವನ ಮಾತು. ಅವಳು ನಡೆದುಕೊಳ್ಳುವುದು ಸವದತ್ತಿ ಎಲ್ಲಮ್ಮನಿಗೆ. ಆ ಗುಡ್ಡದ ಹತ್ತಿರದ ಗುರ್ಲಹೊಸೂರಿನಲ್ಲೇ 1896ರಲ್ಲಿ ಶಂ. ಬಾ. ಜೋಶಿಯವರು ಹುಟ್ಟಿದ್ದು. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದುಕೊಂಡು ಊರ ಹೆಸರು, ದೇವರ ಹೆಸರುಗಳ ಬೆನ್ನುಹತ್ತಿ ಕನ್ನಡಿಗರ ಹಳೆಯ ನಂಬಿಕೆಗಳನ್ನು ಶೋಧಿಸಿದವರು. ಅವರ ಎಲ್ಲ ತೀರ್ಮಾನಗಳನ್ನೂ ವಿದ್ವಾಂಸರು ಒಪ್ಪಿಲ್ಲ, ನೀನೂ ಒಪ್ಪಬೇಕಿಲ್ಲ. ಕೇಳುವ ಕ್ರಮವನ್ನು ಮಾತ್ರ ಅವರಿಂದ ಕಲಿ. ಆ ಗುಡ್ಡದಲ್ಲಿ ಮಗ ತಾಯಿಯ ತಲೆ ಕಡಿದ ಕಥೆಯಿದೆ, ಚೌಡಿಕೆ ಪದದ ಸೊಗಸಿದೆ, ಮುತ್ತು ಕಟ್ಟಿಸಿಕೊಂಡು ಬಾಳು ಹಾಳಾದ ಹೆಣ್ಣುಮಕ್ಕಳಿದ್ದಾರೆ. ಹೀಗೆ ಮುತ್ತು ಕಟ್ಟುವ ದೇವದಾಸಿ ಪದ್ಧತಿಯನ್ನು ನಿಷೇಧಿಸಲು 1982ರಲ್ಲಿ ಕರ್ನಾಟಕ ಕಾಯಿದೆ ತರಬೇಕಾಯಿತು. ಪುರಾಣ ಯಾರ ಮೈಮೇಲೆ ಬಿತ್ತು ಎಂದು ಕೇಳದ ಓದು ಅರ್ಧ ಓದು.

ನಿಮ್ಮವ್ವನೆದುರು ‘ಪರ್ವ’ದ ವಾದ ಹೂಡಬೇಡ. ಎಲ್ಲಮ್ಮನ ಕಥೆಯನ್ನು ಅವಳ ಬಾಯಿಂದ ಹೇಳಿಸು, ನಡುವೆ ಬಾಯಿ ಹಾಕದೆ ಕೇಳಿ ಬರೆದುಕೊ. ನಿಮ್ಮ ಖಾನಾಪುರದ ಆಯಿ ಹೇಳುವ ರೀತಿ ಬೇರೆ, ಅದನ್ನೂ ಬರೆದುಕೊ. ಆಮೇಲೆ ಆ ವಹಿ ಹಿಡಿದುಕೊಂಡು ನನ್ನ ಹತ್ತಿರ ಬಾ. ಶಂ. ಬಾ. ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ ತೆಗೆದಿಟ್ಟಿರುತ್ತೇನೆ.