ಮರುದನಿಯ ಲೆಕ್ಕ

ಬೆಟ್ಟದ ಎದುರು ನಿಂತು ಒಮ್ಮೆ ಗಟ್ಟಿಯಾಗಿ ಕೂಗಿರಿ. ಕ್ಷಣಕಾಲದ ಬಳಿಕ ನಿಮ್ಮ ಧ್ವನಿಯೇ ನಿಮಗೆ ಮರಳಿ ಕೇಳಿಸುತ್ತದೆ. ಬೆಟ್ಟವು ದೂರವಿದ್ದಷ್ಟೂ ಮರುದನಿಯು ತಡವಾಗಿ ಬರುತ್ತದೆ. ಅಂತರಜಾಲದಲ್ಲಿಯೂ ಇಂಥದೊಂದು ವಿಳಂಬವುಂಟು. ಒಂದು ಗಣಕಯಂತ್ರವು ಕಳುಹಿಸಿದ ಸಂದೇಶವು ಇನ್ನೊಂದನ್ನು ಮುಟ್ಟಿ, ಅದರ ಉತ್ತರವು ಹಿಂದಿರುಗಲು ಹಿಡಿಯುವ ಕಾಲವೇ ಈ ವಿಳಂಬ. ಇದನ್ನು ಮಿಲಿಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಗಳಲ್ಲಿ ಅಳೆಯುತ್ತಾರೆ.

ವಿಳಂಬವನ್ನೂ ಸಂಪರ್ಕದ ಸಾಮರ್ಥ್ಯವನ್ನೂ ಒಂದೇ ಎಂದು ಭಾವಿಸಬಾರದು. ಕೆರೆಯ ಕಾಲುವೆಯನ್ನು ಅಗಲಗೊಳಿಸಿದರೆ ಹೆಚ್ಚು ನೀರು ಹರಿದೀತು. ಆದರೆ ಕೆರೆಗೂ ಹೊಲಕ್ಕೂ ನಡುವಣ ದೂರವು ಅದರಿಂದ ಕಡಮೆಯಾಗದು.

ವಿಳಂಬವನ್ನು ಅಳೆಯುವ ಸರಳ ಸಾಧನವೊಂದನ್ನು ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ರಚಿಸಿದರು. ನೀರಿನಲ್ಲಿ ಶಬ್ದವನ್ನು ಕಳುಹಿಸಿ, ಅದರ ಪ್ರತಿಧ್ವನಿಯಿಂದ ವಸ್ತುವಿನ ದೂರವನ್ನು ತಿಳಿಯುವ ಸೋನಾರ್ ಯಂತ್ರದ ಸದ್ದನ್ನು ನೆನೆದು ಅವರು ಅದಕ್ಕೆ ‘ಪಿಂಗ್’ ಎಂದು ಹೆಸರಿಟ್ಟರು. ಅದು ಚಿಕ್ಕ ಸಂದೇಶವೊಂದನ್ನು ಕಳುಹಿಸಿ, ಉತ್ತರ ಬರುವವರೆಗಿನ ಕಾಲವನ್ನು ತೋರಿಸುತ್ತದೆ. ಅದು ಇಂದಿಗೂ ಬಳಕೆಯಲ್ಲಿದೆ.

ವಿಳಂಬಕ್ಕೆ ಮೊದಲ ಕಾರಣ ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ಮುಂಬಯಿಗೂ ಲಂಡನ್ನಿಗೂ ನೇರ ದೂರ ಸುಮಾರು 7,200 ಕಿಲೋಮೀಟರು. ತಂತಿಯು ಅಷ್ಟು ನೇರವಾಗಿದ್ದರೂ ಹೋಗಿಬರಲು 72 ಮಿಲಿಸೆಕೆಂಡು ಬೇಕೇ ಬೇಕು. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹದ ಮೂಲಕವಾದರೆ ಪ್ರಶ್ನೆಯು ಮೇಲೇರಿ ಇಳಿಯಬೇಕು, ಉತ್ತರವೂ ಮೇಲೇರಿ ಇಳಿಯಬೇಕು. ಇದಕ್ಕೆ ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ.

ಎರಡನೆಯ ಕಾರಣ ಸರದಿ. ದಾರಿಯ ರೂಟರುಗಳಲ್ಲಿ ಸಂದೇಶಗಳು ದಟ್ಟಣಿಸಿದಾಗ ಪ್ರತಿಯೊಂದೂ ತನ್ನ ಸರದಿಗಾಗಿ ಕಾಯಬೇಕಾಗುತ್ತದೆ. ಆದುದರಿಂದ ಒಂದೇ ಸಲ ಅಳೆದು ತೀರ್ಮಾನಿಸುವುದು ಸರಿಯಲ್ಲ. ಹಲವು ಸಲ ಅಳೆಯಬೇಕು. ದೊರೆತ ಕಾಲಗಳಲ್ಲಿ ಅತಿ ಕಡಮೆಯದು ಬಹುಮಟ್ಟಿಗೆ ದೂರವನ್ನು ಸೂಚಿಸುತ್ತದೆ. ಅದಕ್ಕಿಂತ ಹೆಚ್ಚಾದ ಭಾಗವು ಹೆಚ್ಚಾಗಿ ದಟ್ಟಣೆಯನ್ನು ಸೂಚಿಸುತ್ತದೆ. ಮನೆಯಲ್ಲಿ ಒಬ್ಬರು ದೊಡ್ಡ ಕಡತವೊಂದನ್ನು ಕಳುಹಿಸುತ್ತಿರುವಾಗ ಅಳೆದು, ಅನಂತರ ಮತ್ತೆ ಅಳೆದರೆ ಈ ಭೇದವು ಅನೇಕ ವೇಳೆ ಕಣ್ಣಿಗೇ ಕಾಣುತ್ತದೆ.

ಇಷ್ಟು ಸೂಕ್ಷ್ಮವಾದ ಲೆಕ್ಕವೇಕೆ ಎಂದು ನೀವು ಕೇಳಬಹುದು. ದೂರದ ಹಳ್ಳಿಯ ರೋಗಿಯೊಬ್ಬನು ನಗರದ ವೈದ್ಯರೊಡನೆ ಮಾತನಾಡುತ್ತಿರುವನೆಂದು ಊಹಿಸಿರಿ. ಮಾತು ತಲುಪಲು ತಡವಾದರೆ ಇಬ್ಬರೂ ಒಟ್ಟಿಗೇ ಮಾತನಾಡತೊಡಗುವರು. ಮುಖ್ಯವಾದ ಮಾತೊಂದು ತಪ್ಪಿಹೋದೀತು. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಯು ಸಾಮಾನ್ಯವಾಗಿ ಸಹಜವೆನಿಸುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ತಿಳಿಸಿದೆ.

ಸರದಿಯನ್ನು ಜಾಣ್ಮೆಯಿಂದ ಕಡಮೆ ಮಾಡಬಹುದು. ಬೆಳಕಿನ ವೇಗವನ್ನು ಮಾತ್ರ ಮೀರಲಾಗದು. ಆದುದರಿಂದಲೇ ಹೆಚ್ಚು ಬೇಡಿಕೆಯ ಮಾಹಿತಿಯ ಪ್ರತಿಗಳನ್ನು ಜನರಿಗೆ ಸಮೀಪದ ಊರುಗಳಲ್ಲಿ ಇಟ್ಟಿರುತ್ತಾರೆ. ಬೆಟ್ಟವು ಹತ್ತಿರವಿದ್ದರೆ ಮರುದನಿಯೂ ಬೇಗ ಬರುವುದಷ್ಟೆ!