ಪುಕ್ಕವೇ ಕೋಳಿಯ ಕಂಬಳಿ

ಮಾಗಿ ಚಳಿ ಬಂತು. ನಾವು ಕಂಬಳಿ ಹೊದ್ದು ಮಲಗುತ್ತೇವೆ. ಒಲೆ ಮುಂದೆ ಕೂತು ಕೈ ಕಾಯಿಸುತ್ತೇವೆ. ಹಿತ್ತಲ ಕೋಳಿಗೆ ಕಂಬಳಿ ಎಲ್ಲಿದೆ? ಮೈಮೇಲಿನ ಪುಕ್ಕವೇ ಅದರ ಕಂಬಳಿ.

ಪುಕ್ಕದ ನಡುವೆ ಗಾಳಿ ನಿಲ್ಲುತ್ತದೆ. ಆ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ನಮ್ಮ ಮೈಬಿಸಿ 37 ಡಿಗ್ರಿ. ಕೋಳಿಯದು ಸುಮಾರು 41 ಡಿಗ್ರಿ. ಪುಕ್ಕ ಹೋದರೆ ಈ ಬಿಸಿ ಬೇಗ ಆರಿಹೋಗುತ್ತದೆ.

ನಾಯಿ ಹಿಡಿದರೆ, ಮುಂಗುಸಿ ಎಳೆದರೆ ಪುಕ್ಕ ಕಿತ್ತು ಬರುತ್ತದೆ. ಬೆನ್ನು ಬೋಳಾಗುತ್ತದೆ. ಚರ್ಮ ಹರಿಯುತ್ತದೆ. ಆಗ ಮನೆಯವರು ಏನಂತಾರೆ? "ಇದಿನ್ನು ಉಳಿಯಲ್ಲ, ಕೊಯ್ದು ಸಾರು ಮಾಡು" ಅಂತಾರೆ.

ಸ್ವಲ್ಪ ತಾಳೋಣ. ನಾಟಿ ಕೋಳಿ ವರ್ಷಕ್ಕೆ ಸುಮಾರು 60 ಮೊಟ್ಟೆ ಇಡುತ್ತದೆ. ಮೊಟ್ಟೆ ಮಾರಿದ ದುಡ್ಡು ನಮ್ಮ ಕೈಗೇ ಬರುತ್ತದೆ. ಮಗುವಿನ ಪುಸ್ತಕಕ್ಕೆ, ಸೋಪಿಗೆ ಯಾರ ಮುಂದೂ ಕೈ ಚಾಚಬೇಕಾಗಿಲ್ಲ. ಕೋಳಿ ಎದ್ದು ನಿಲ್ಲುತ್ತಿದ್ದರೆ, ನೀರು ಕುಡಿಯುತ್ತಿದ್ದರೆ ಉಳಿಸಿಕೊಳ್ಳಲು ನೋಡೋಣ.

ಮೊದಲು ಗಾಯ ನೋಡೋಣ

ಶುಭ್ರವಾದ ಬಟ್ಟೆಯಿಂದ ಗಾಯವನ್ನು 5 ನಿಮಿಷ ಒತ್ತಿ ಹಿಡಿಯೋಣ. ರಕ್ತ ನಿಲ್ಲುತ್ತದೆ. ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸೋಣ. ಅದಕ್ಕೆ ಒಂದು ಟೀ ಚಮಚ ಉಪ್ಪು ಹಾಕಿ ಗಾಯ ತೊಳೆಯೋಣ. ಗಾಯದ ಜಾಗ ಮಾತ್ರ ತೊಳೆದರೆ ಸಾಕು. ಇಡೀ ಮೈ ನೆನೆಸಬಾರದು. ನೆನೆದ ಕೋಳಿಗೆ ಚಳಿ ಹೆಚ್ಚು. ತೊಳೆದ ಮೇಲೆ ಒರೆಸಿ ಒಣಗಿಸೋಣ.

ಸೀಮೆಎಣ್ಣೆ, ಬೂದಿ, ಸುಣ್ಣ ಹಚ್ಚುವುದು ಬೇಡ. ಗಾಯ ಆಳವಾಗಿದ್ದರೆ, ಹುಳ ಬಿದ್ದಿದ್ದರೆ ದನದ ಆಸ್ಪತ್ರೆಗೆ ಒಯ್ಯೋಣ. ಔಷಧಿ ಕೊಟ್ಟರೆ ಒಂದು ಮಾತು ಕೇಳೋಣ: "ಡಾಕ್ಟ್ರೇ, ಎಷ್ಟು ದಿನ ಇದರ ಮೊಟ್ಟೆ ತಿನ್ನಬಾರದು?" ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯೋಣ.

ಬೇರೆ ಇಡೋಣ, ಬೆಚ್ಚಗಿಡೋಣ

ರಕ್ತ ಕಂಡರೆ ಬೇರೆ ಕೋಳಿಗಳು ಕುಕ್ಕುತ್ತವೆ. ಕುಕ್ಕಿ ಕುಕ್ಕಿ ಸಾಯಿಸಿಯೂ ಬಿಡುತ್ತವೆ. ಅದಕ್ಕೇ ಈ ಕೋಳಿಯನ್ನು ಬೇರೆ ಮಂಕರಿಯಲ್ಲಿ ಇಡೋಣ. ಕೆಳಗೆ ಒಣ ಹುಲ್ಲು ದಪ್ಪಗೆ ಹಾಸೋಣ. ಒದ್ದೆಯಾದ ಹುಲ್ಲನ್ನು ದಿನವೂ ಬದಲಿಸೋಣ. ಗಾಳಿ ಬೀಸುವ ಕಡೆ ಗೋಣಿಚೀಲ ಕಟ್ಟೋಣ. ಮೇಲೆ ಸ್ವಲ್ಪ ಸಂದು ಬಿಡೋಣ. ಪೂರ್ತಿ ಮುಚ್ಚಿದರೆ ಒಳಗೆ ತೇವ ನಿಲ್ಲುತ್ತದೆ.

ರಾತ್ರಿ ಬಾಟಲಿಗೆ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಬಟ್ಟೆ ಸುತ್ತಿ ಪಕ್ಕದಲ್ಲಿಡೋಣ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬಾರದು. ಕೆಂಡದ ವಿಷಗಾಳಿ ಕೋಳಿಗೂ ಅಪಾಯ, ಅಲ್ಲಿ ಮಲಗುವ ಮನುಷ್ಯರಿಗೂ ಅಪಾಯ. ಹಗಲು ಎಳೆ ಬಿಸಿಲಲ್ಲಿ ಮಂಕರಿ ಇಡೋಣ.

ಹೊಟ್ಟೆಗೆ ಏನು ಕೊಡೋಣ?

ಚಳಿಯಲ್ಲಿ ಮೈ ಬೆಚ್ಚಗಿರಲು ಹೆಚ್ಚು ಮೇವು ಬೇಕು. ರಾಗಿ, ನುಚ್ಚು ಕೊಡೋಣ. ಅಷ್ಟೇ ಸಾಲದು. ಪುಕ್ಕ ಬೆಳೆಯುವುದು ಪ್ರೋಟೀನಿನಿಂದ. ಗೆದ್ದಲು ಹುಳ, ಬೇಯಿಸಿದ ಬೇಳೆ, ಕಡಲೆಕಾಯಿ ಹಿಂಡಿ ಇವುಗಳಲ್ಲಿ ಪ್ರೋಟೀನು ಇದೆ. ಬೂಷ್ಟು ಹಿಡಿದ ಹಿಂಡಿ ಮಾತ್ರ ಬೇಡ, ಅದು ವಿಷ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಡೋಣ.

ಬುಡಸಮೇತ ಕಿತ್ತುಹೋದ ಪುಕ್ಕ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಅರ್ಧ ಮುರಿದ ಪುಕ್ಕ ಹಾಗಲ್ಲ. ಅದು ತಾನಾಗಿ ಉದುರಿದ ಮೇಲೆ ಹೊಸದು ಬರುತ್ತದೆ. ಹೊಸ ಪುಕ್ಕ ಮೊದಲು ಮುಳ್ಳಿನಂತೆ ಕಾಣುತ್ತದೆ. ಅದರೊಳಗೆ ರಕ್ತ ಇರುತ್ತದೆ. ಅದನ್ನು ಕೀಳಬಾರದು.

ಗಾಯ ಮಾಯ್ದು, ಬೆನ್ನು ತುಂಬಿದ ಮೇಲೆ ಕೋಳಿಯನ್ನು ಗುಂಪಿಗೆ ಸೇರಿಸೋಣ. ಕತ್ತಲಾದ ಮೇಲೆ ಗೂಡಿಗೆ ಬಿಟ್ಟರೆ ಜಗಳ ಕಡಿಮೆ. ಮಾರನೇ ಬೆಳಿಗ್ಗೆ ಹತ್ತಿರ ನಿಂತು ನೋಡೋಣ. ಮತ್ತೆ ಕುಕ್ಕಿದರೆ ಇನ್ನೂ ಕೆಲವು ದಿನ ಬೇರೆ ಇಡೋಣ. ನಾಯಿ, ಮುಂಗುಸಿ ನುಗ್ಗಿದ ಸಂದನ್ನು ಮೊದಲೇ ಮುಚ್ಚಿರೋಣ.

ಓದೋಣ, ಬರೆಯೋಣ

1. ಈ ಪದಗಳನ್ನು ಓದಿ ಬರೆಯಿರಿ: ಪುಕ್ಕ, ಗಾಯ, ಮಂಕರಿ, ಗೆದ್ದಲು, ಉಗುರುಬೆಚ್ಚಗೆ.
2. ಗಾಯವಾದ ಕೋಳಿಯನ್ನು ಬೇರೆ ಇಡುವುದು ಏಕೆ?
3. ಒಂದು ಮೊಟ್ಟೆಗೆ 10 ರೂಪಾಯಿ ಆದರೆ 60 ಮೊಟ್ಟೆಗೆ ಎಷ್ಟು?
4. ಕೋಳಿಗೆ ಗಾಯವಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊಸ ಪುಕ್ಕ ಕಂಡ ದಿನವನ್ನೂ ಬರೆಯಿರಿ. ನಡುವೆ ಎಷ್ಟು ದಿನ ಆಯಿತು? ಎಣಿಸಿ.